ಟಿಟಿ ನೋಡಿ ಬಂದೆ: ಮೊದಲು ಹಡಗು, ಆಮೇಲೆ ವೀಸಾ

ಮೈಸೂರಿಗೆ ಮರಳಿ ಹತ್ತು ದಿನವಾಯಿತು. ರಾತ್ರಿ ರಿಂಗ್ ರಸ್ತೆಯಲ್ಲಿ ಯಾರಾದರೂ ಬೈಕಿನ ಆಕ್ಸಿಲರೇಟರ್ ತಿರುಚಿದರೆ ಈಗಲೂ ಎದ್ದು ಕುಳಿತುಕೊಳ್ಳುತ್ತೇನೆ. ಐಲ್ ಆಫ್ ಮ್ಯಾನ್ ದ್ವೀಪದ ಬೈಕ್ ರೇಸ್ ಟಿಟಿಗೆ, ಅಂದರೆ ಟೂರಿಸ್ಟ್ ಟ್ರೋಫಿಗೆ, ಹೋಗಬೇಕೆನ್ನುವವರು ಫೋನ್ ಮಾಡಿ ಒಂದೇ ತರಹದ ಪ್ರಶ್ನೆ ಕೇಳುತ್ತಿದ್ದಾರೆ. ಹೊರಡುವ ಮೊದಲು ನನಗೂ ಅವೇ ಪ್ರಶ್ನೆಗಳಿದ್ದವು, ಕನ್ನಡದಲ್ಲಿ ಹೇಳುವವರು ಸಿಗಲಿಲ್ಲ. ಅದಕ್ಕಾಗಿ ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಈ ಆಸೆ ನನ್ನದಲ್ಲ, ಅಪ್ಪನದು. ಅವರು ಮೈಸೂರಿನ ಐಡಿಯಲ್ ಜಾವಾ ಬೈಕ್ ಕಾರ್ಖಾನೆಯಲ್ಲಿ ದುಡಿದವರು. 1996ರಲ್ಲಿ ಕಾರ್ಖಾನೆ ಮುಚ್ಚಿದ ಮೇಲೂ ಮನೆಯ ಯೆಜ್ದಿ ಬೈಕನ್ನು ಮಾರಲಿಲ್ಲ. ಇಂಗ್ಲೆಂಡಿಗೂ ಐರ್ಲೆಂಡಿಗೂ ನಡುವಿನ ಸಮುದ್ರದಲ್ಲಿ ಒಂದು ಪುಟ್ಟ ದ್ವೀಪವಿದೆ, ಅಲ್ಲಿ 1907ರಿಂದ ಊರಿನ ರಸ್ತೆಯಲ್ಲೇ ಬೈಕ್ ಓಡಿಸುತ್ತಾರೆ, ಜಾವಾದವರೂ ಅಲ್ಲಿಗೆ ಹೋಗಿದ್ದರು ಎಂದು ನಾನು ಚಿಕ್ಕವನಿದ್ದಾಗ ಹೇಳುತ್ತಿದ್ದರು. ಮೊದಲ ವರ್ಷವೇ ಅವಳಿ ಸಿಲಿಂಡರ್ ವಿಭಾಗದಲ್ಲಿ ಗೆದ್ದದ್ದು ನಾರ್ಟನ್ ಬೈಕ್. ಆ ನಾರ್ಟನ್ ಕಂಪನಿಯನ್ನು 2020ರಲ್ಲಿ ನಮ್ಮ ಗಡಿಯಾಚೆಯ ಹೊಸೂರಿನ ಟಿವಿಎಸ್ ಕೊಂಡಾಗ ಅಪ್ಪ ಆ ಪತ್ರಿಕೆಯ ತುಣುಕನ್ನು ಕತ್ತರಿಸಿ ಇಟ್ಟುಕೊಂಡರು. ಈಗ ಅವರಿಗೆ ಮಂಡಿ ನೋವು, ದೂರ ಪ್ರಯಾಣ ಆಗುವುದಿಲ್ಲ. "ನೀನು ಹೋಗಿ ನೋಡಿ ಬಾಪ್ಪ, ನನಗೆ ಹೇಳು" ಎಂದರು. ಹಾಗೆ ಹೊರಟವನು ನಾನು.

ಟಿಟಿ ನಡೆಯುವುದು ಮೇ ಕೊನೆ ಮತ್ತು ಜೂನ್ ಮೊದಲ ವಾರದಲ್ಲಿ. ನಾನು ಹೋದ 2025ರಲ್ಲಿ ಮೇ 26ರಿಂದ ಜೂನ್ 7ರವರೆಗೆ. ಹಾಗಾದರೆ ಜನವರಿಯಲ್ಲಿ ತಯಾರಿ ಶುರು ಮಾಡಿದರೆ ಸಾಕು ಅನಿಸುತ್ತದೆ. ಸಾಲದು. ನಾನು ಹಿಂದಿನ ವರ್ಷದ ಆಗಸ್ಟಿನಲ್ಲೇ ಹಡಗಿನ ಟಿಕೆಟ್ ತೆಗೆದೆ. ಇಂಗ್ಲೆಂಡಿನ ಪಶ್ಚಿಮ ಕರಾವಳಿಯ ಹೇಶಮ್ ಬಂದರಿನಿಂದ ದ್ವೀಪದ ರಾಜಧಾನಿ ಡಗ್ಲಸ್‌ಗೆ ಹಡಗು ಸುಮಾರು ಮೂರು ಮುಕ್ಕಾಲು ಗಂಟೆ ತೆಗೆದುಕೊಳ್ಳುತ್ತದೆ. ಲಿವರ್‌ಪೂಲ್‌ನಿಂದ ಹೊರಡುವ ವೇಗದ ಹಡಗೂ ಇದೆ. ಬೈಕ್ ಜೊತೆ ಹೋಗುವವರ ಜಾಗ ಮೊದಲು ತುಂಬುತ್ತದೆ. ಕಾಲ್ನಡಿಗೆ ಪ್ರಯಾಣಿಕರಿಗೆ ಅಷ್ಟು ಕಷ್ಟವಿಲ್ಲ, ಆದರೂ ತಡಮಾಡಬೇಡಿ. ಮೊದಲು ಹಡಗು, ಎರಡನೆಯದು ತಂಗುವ ಕೋಣೆ, ಮೂರನೆಯದು ವೀಸಾ, ಕಟ್ಟಕಡೆಗೆ ವಿಮಾನ. ನಾನು ವಿಮಾನದಿಂದ ಶುರು ಮಾಡಲು ಹೊರಟಿದ್ದೆ. ಮ್ಯಾಂಚೆಸ್ಟರಿನಲ್ಲಿರುವ ನನ್ನ ಸೋದರಮಾವನ ಮಗಳು ತಡೆದಳು. ತಡೆಯದೇ ಹೋಗಿದ್ದರೆ ವಿಮಾನದ ದುಡ್ಡು ಕಟ್ಟಿ, ಸಮುದ್ರದ ಈಚೆ ದಡದಲ್ಲೇ ನಿಂತಿರುತ್ತಿದ್ದೆ.

ಕೋಣೆಯ ವಿಷಯ. ದ್ವೀಪದಲ್ಲಿರುವ ಹೋಟೆಲುಗಳು ಆ ಎರಡು ವಾರಗಳ ಜನಕ್ಕೆ ಸಾಲುವುದಿಲ್ಲ. ಅದಕ್ಕಾಗಿ ಅಲ್ಲಿನ ಮನೆಯವರು ತಮ್ಮ ಖಾಲಿ ಕೋಣೆಗಳನ್ನು ಅತಿಥಿಗಳಿಗೆ ಕೊಡುವ ಹೋಮ್‌ಸ್ಟೇ ವ್ಯವಸ್ಥೆ ಇದೆ. ಗುಡಾರ ಹಾಕಲು ಮೈದಾನಗಳೂ ಇವೆ, ಆದರೆ ಅಲ್ಲಿನ ಮಳೆಗಾಳಿ ನೋಡಿದ ಮೇಲೆ ಮೊದಲ ಸಲ ಹೋಗುವವರಿಗೆ ನಾನು ಗುಡಾರ ಹೇಳಲಾರೆ. ನನಗೆ ಡಗ್ಲಸ್ ಪಕ್ಕದ ಆಂಕನ್‌ನಲ್ಲಿ ಒಬ್ಬ ಅಜ್ಜಿಯ ಮನೆಯ ಮಹಡಿ ಕೋಣೆ ಸಿಕ್ಕಿತು. ದಿನಕ್ಕೆ 55 ಪೌಂಡು. ಸಸ್ಯಾಹಾರಿ ಎಂದು ಮೊದಲೇ ತಿಳಿಸಿದ್ದೆ. ಅವರು ಉತ್ತರದಲ್ಲಿ, "ಅಡುಗೆಮನೆ ನಿಮ್ಮದೇ ಅಂದುಕೊಳ್ಳಿ" ಎಂದು ಬರೆದಿದ್ದರು.

ಇನ್ನು ವೀಸಾ. ಐಲ್ ಆಫ್ ಮ್ಯಾನ್ ಬ್ರಿಟನ್ನಿನ ಭಾಗವಲ್ಲ. ಬ್ರಿಟಿಷ್ ರಾಜಪೀಠಕ್ಕೆ ಅಧೀನವಾದ, ಆದರೆ ತನ್ನದೇ ಸಂಸತ್ತು ಮತ್ತು ಕಾನೂನು ಇರುವ ದ್ವೀಪ. ನನ್ನ ಪ್ರವಾಸದಲ್ಲಿ ಇಂಗ್ಲೆಂಡಿನ ದಿನಗಳೂ ಇದ್ದುದರಿಂದ ಬ್ರಿಟನ್ನಿನ ಸಂದರ್ಶಕ ವೀಸಾಕ್ಕೆ ಅರ್ಜಿ ಹಾಕಿದೆ. ಅದು ದ್ವೀಪದಲ್ಲೂ ನಡೆಯುತ್ತದೆ. ದ್ವೀಪಕ್ಕೆ ಮಾತ್ರ ಹೋಗುವವರು ಅರ್ಜಿ ತುಂಬುವ ಮೊದಲು ಸರ್ಕಾರಿ ಜಾಲತಾಣದಲ್ಲಿ ಯಾವ ವೀಸಾ ಎಂದು ಓದಿಕೊಳ್ಳಬೇಕು. 2025ರ ಮಾರ್ಚಿನಲ್ಲಿ ನಾನು ಕಟ್ಟಿದ್ದು 115 ಪೌಂಡು. ಏಪ್ರಿಲ್‌ನಿಂದ ಅದು 127 ಆಯಿತು.

ಅಡಚಣೆ ಬಂದದ್ದು ನನ್ನ ಹೆಸರಿನಿಂದ. ನಮ್ಮ ಕಡೆಯ ಬಹಳ ಜನರಂತೆ ನನಗೂ ಮನೆತನದ ಹೆಸರಿಲ್ಲ, ಇನಿಷಿಯಲ್ ಇದೆ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಊರಿನ ಹೆಸರನ್ನೂ ಅಪ್ಪನ ಹೆಸರನ್ನೂ ಪೂರ್ತಿ ಬರೆದಿದ್ದಾರೆ. ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಎರಡು ಅಕ್ಷರ ಮಾತ್ರ. ಕಚೇರಿಯ ರಜೆ ಪತ್ರದಲ್ಲಿ ಒಂದೇ ಅಕ್ಷರ. ಪ್ರಯಾಣ ವಿಮೆಯ ಏಜೆಂಟರು ಅಕ್ಷರವನ್ನು ಹಿಂದೆ ಮುಂದೆ ಮಾಡಿದ್ದರು. ಬೆಂಗಳೂರಿನಲ್ಲಿ ಬೆರಳಚ್ಚು ಕೊಡಲು ಹೋಗುವ ಹಿಂದಿನ ದಿನ ಎಲ್ಲವನ್ನೂ ಮೇಜಿನ ಮೇಲೆ ಹರಡಿದಾಗ ನಾಲ್ಕು ಕಾಗದದಲ್ಲಿ ನಾಲ್ಕು ಮನುಷ್ಯರಿದ್ದಂತೆ ಕಂಡಿತು. ಮೈ ತಣ್ಣಗಾಯಿತು. ಕಚೇರಿಯಿಂದ ಹೊಸ ಪತ್ರ ತಂದೆ, ವಿಮೆ ಬದಲಾಯಿಸಿಕೊಂಡೆ, ಬ್ಯಾಂಕ್ ಮ್ಯಾನೇಜರ್ ಕೈಯಲ್ಲಿ ಇಬ್ಬರೂ ಒಬ್ಬರೇ ಎಂದು ಬರೆಸಿ ಸಹಿ ಹಾಕಿಸಿದೆ. ನಿಮಗೂ ಇನಿಷಿಯಲ್ ಇದ್ದರೆ ಈ ಕೆಲಸವನ್ನು ತಿಂಗಳ ಮೊದಲೇ ಮುಗಿಸಿ.

ಆರು ತಿಂಗಳ ಬ್ಯಾಂಕ್ ವಿವರ, ಆದಾಯ ತೆರಿಗೆ ದಾಖಲೆ, ಹಡಗಿನ ಟಿಕೆಟ್, ಕೋಣೆಯ ಪತ್ರ ಇಷ್ಟನ್ನು ಕೊಟ್ಟೆ. ಜೊತೆಗೆ ಯಾಕೆ ಹೋಗುತ್ತಿದ್ದೇನೆ ಎಂದು ಒಂದು ಪುಟ ಬರೆದು ಇಟ್ಟೆ. ಜಾವಾ ಕಾರ್ಖಾನೆ, ಅಪ್ಪ, ಯೆಜ್ದಿ, ಎಲ್ಲವನ್ನೂ ಬರೆದೆ. ಅದನ್ನು ಯಾರಾದರೂ ಓದಿದರೋ ತಿಳಿಯದು. ಹದಿನೇಳನೆಯ ದಿನ ಪಾಸ್‌ಪೋರ್ಟ್ ಬಂತು. ಆ ಹದಿನೇಳು ದಿನ ಅಪ್ಪ ಅಂಚೆಯವನು ಬರುವ ಹೊತ್ತಿಗೆ ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು.

ಮೇ 28ರಂದು ಹೇಶಮ್ ತಲುಪಿದೆ. ಹತ್ತಿರದ ದೊಡ್ಡ ನಿಲ್ದಾಣ ಲ್ಯಾಂಕಾಸ್ಟರ್. ಅಲ್ಲಿಂದ ಬಂದರಿಗೆ ದಿನಕ್ಕೆ ಒಂದೆರಡು ರೈಲು ಬಿಟ್ಟರೆ ಇಲ್ಲ, ಅದು ತಪ್ಪಿದರೆ ಬಸ್ ಅಥವಾ ಟ್ಯಾಕ್ಸಿ. ಬಂದರಿನಲ್ಲಿ ಕಂಡದ್ದನ್ನು ಅಪ್ಪನಿಗೆ ವಿಡಿಯೋದಲ್ಲಿ ತೋರಿಸಿದೆ. ನೂರಾರು ಬೈಕುಗಳು ಸಾಲಾಗಿ ನಿಂತಿದ್ದವು, ಜರ್ಮನಿ, ಫ್ರಾನ್ಸ್, ಸ್ಪೇನ್ ಎಲ್ಲೆಲ್ಲಿಂದಲೋ ಬಂದವು. ಹಡಗಿನ ಹೊಟ್ಟೆಯೊಳಗೆ ಒಂದೊಂದನ್ನೂ ಕೆಲಸಗಾರರು ಹಗ್ಗ ಬಿಗಿದು ಕಟ್ಟುತ್ತಿದ್ದರು, ಸೀಟಿನ ಮೇಲೆ ಮೆತ್ತೆ ಇಟ್ಟು, ಗೀರು ಬೀಳದ ಹಾಗೆ. ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, "ಕಟ್ಟುವವನಿಗೆ ಕೆಲಸ ಗೊತ್ತು" ಎಂದರು.

ಸಮುದ್ರ ಒರಟಾಗಿತ್ತು. ಹಡಗು ಹತ್ತುವ ಅರ್ಧ ಗಂಟೆ ಮೊದಲು ವಾಂತಿ ತಡೆಯುವ ಮಾತ್ರೆ ತೆಗೆದುಕೊಳ್ಳಿ. ಹತ್ತಿದ ಮೇಲೆ ತೆಗೆದುಕೊಂಡರೆ ಪ್ರಯೋಜನವಿಲ್ಲ, ಇದು ನನ್ನ ಅನುಭವ.

ಡಗ್ಲಸ್‌ನಲ್ಲಿ ಇಳಿದ ಕೂಡಲೇ ಮೊಬೈಲ್ ಸತ್ತಿತು. ಮ್ಯಾಂಚೆಸ್ಟರಿನಲ್ಲಿ ಕೊಂಡ ಸಿಮ್ ದ್ವೀಪವನ್ನು ಬೇರೆ ದೇಶವೆಂದು ಲೆಕ್ಕ ಹಾಕಿ ಇಂಟರ್ನೆಟ್ ನಿಲ್ಲಿಸಿಬಿಟ್ಟಿತು. ಕೋಣೆಯ ವಿಳಾಸ ಮೊಬೈಲಿನಲ್ಲೇ ಇತ್ತು. ಬಂದರಿನ ಉಚಿತ ವೈಫೈ ಹುಡುಕಿ ವಿಳಾಸವನ್ನು ಕಾಗದದ ಮೇಲೆ ಬರೆದುಕೊಂಡೆ. ಮರುದಿನ ಸ್ಥಳೀಯ ಸಿಮ್ ಕೊಂಡೆ. ನೀವು ಇಂಗ್ಲೆಂಡಿನಲ್ಲಿ ಸಿಮ್ ಕೊಳ್ಳುವಾಗಲೇ ಐಲ್ ಆಫ್ ಮ್ಯಾನ್ ಸೇರಿದೆಯೇ ಎಂದು ಬಾಯಿಬಿಟ್ಟು ಕೇಳಿ. ದುಡ್ಡಿನ ವಿಷಯವೂ ಹೀಗೆಯೇ. ಅಲ್ಲಿನ ಪೌಂಡು ಬೇರೆ, ಬೆಲೆ ಮಾತ್ರ ಬ್ರಿಟಿಷ್ ಪೌಂಡಿಗೆ ಸಮ. ಬ್ರಿಟಿಷ್ ನೋಟು ದ್ವೀಪದಲ್ಲಿ ನಡೆಯುತ್ತದೆ, ದ್ವೀಪದ ನೋಟನ್ನು ಇಂಗ್ಲೆಂಡಿನ ಅಂಗಡಿಗಳಲ್ಲಿ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಉಳಿದದ್ದನ್ನು ಅಲ್ಲೇ ಖರ್ಚು ಮಾಡಿ. ಇಂಗ್ಲೆಂಡಿನಲ್ಲಿ ಮಾಯವಾದ ಒಂದು ಪೌಂಡಿನ ನೋಟು ಅಲ್ಲಿ ಇನ್ನೂ ಇದೆ.

ಈಗ ರೇಸ್. ಹೊರಟಲ್ಲಿಗೇ ಸುತ್ತಿ ಬರುವ ದಾರಿಯ ಉದ್ದ, ಒಂದು ಸುತ್ತಿಗೆ, 37.73 ಮೈಲಿ, ಅಂದರೆ 60.7 ಕಿಲೋಮೀಟರ್. ಮೈಸೂರಿನಿಂದ ಮದ್ದೂರಿಗೆ ಹತ್ತಿರ ಹತ್ತಿರ ಅಷ್ಟೇ. ಮನೆ, ಶಾಲೆ, ಚರ್ಚು, ಕಲ್ಲುಗೋಡೆ, ದೀಪದ ಕಂಬ, ಸೇತುವೆ, ಇನ್ನೂರಕ್ಕೂ ಹೆಚ್ಚು ತಿರುವು, ನಡುವೆ ಸ್ನೇಫೆಲ್ ಬೆಟ್ಟದ ಮಗ್ಗುಲಲ್ಲಿ ಏರಿ ಇಳಿಯುವ ರಸ್ತೆ. 2023ರಲ್ಲಿ ಸವಾರ ಪೀಟರ್ ಹಿಕ್‌ಮನ್ ಈ ದೂರವನ್ನು 16 ನಿಮಿಷ 36 ಸೆಕೆಂಡಿನಲ್ಲಿ ಮುಗಿಸಿದರು. ಸರಾಸರಿ ವೇಗ ಗಂಟೆಗೆ 219 ಕಿಲೋಮೀಟರ್. ಅದೇ ಹಿಕ್‌ಮನ್ 2025ರಲ್ಲಿ ಅಭ್ಯಾಸದ ವೇಳೆ ಕೆರೊಮೋರ್ ಬಳಿ ಬಿದ್ದು ಗಾಯಗೊಂಡು ಹೊರಗುಳಿದರು.

ಟಿಟಿಯಲ್ಲಿ ಎಲ್ಲರೂ ಒಟ್ಟಿಗೆ ಹೊರಡುವುದಿಲ್ಲ. ಹತ್ತು ಸೆಕೆಂಡಿಗೆ ಒಬ್ಬರಂತೆ ಬಿಡುತ್ತಾರೆ, ಸ್ಪರ್ಧೆ ಗಡಿಯಾರದೊಂದಿಗೆ. ರಸ್ತೆಯಲ್ಲಿ ಮುಂದಿರುವವನು ರೇಸಿನಲ್ಲೂ ಮುಂದಿದ್ದಾನೆ ಎನ್ನಲಾಗದು. ಆದ್ದರಿಂದ ಕಿಸೆಯಲ್ಲಿ ಹಿಡಿಯುವ ಒಂದು ಸಣ್ಣ ರೇಡಿಯೋ ಬೇಕೇ ಬೇಕು. ದ್ವೀಪದ ಮ್ಯಾಂಕ್ಸ್ ರೇಡಿಯೋ ಇಡೀ ಓಟವನ್ನು ಬಿತ್ತರಿಸುತ್ತದೆ. ಬೆಟ್ಟದ ಮೇಲೆ ಮೊಬೈಲ್ ಸಿಗದ ಕಡೆಯೂ ಅದು ಸಿಗುತ್ತದೆ. ಬೇಲಿಯ ಮೇಲೆ ಕುಳಿತ ನೂರು ಜನರ ಕಿಸೆಯಿಂದ ಒಂದೇ ದನಿ ಬರುತ್ತಿರುತ್ತದೆ, ನಮ್ಮಲ್ಲಿ ಹಿಂದೆ ಕ್ರಿಕೆಟ್ ಕಾಮೆಂಟರಿಗೆ ಟ್ರಾನ್ಸಿಸ್ಟರ್ ಹಿಡಿದು ನಿಲ್ಲುತ್ತಿದ್ದ ಹಾಗೆ.

ಮೊದಲ ಸಂಜೆ ಬ್ರೇ ಹಿಲ್‌ಗೆ ಹೋದೆ. ಅದು ಡಗ್ಲಸ್‌ನ ಮನೆಗಳ ಬೀದಿ, ಕಡಿದಾದ ಇಳಿಜಾರು. ರಸ್ತೆ ಮುಚ್ಚಿದ ಮೇಲೆ ಬೀದಿ ಮೌನವಾಯಿತು. ನಾಯಿಯನ್ನು ಒಳಗೆ ಕರೆದರು, ಕಿಟಕಿ ಹಾಕಿದರು. ಮೊದಲು ದೂರದಲ್ಲಿ ಜೇನುಹುಳದಂತಹ ಸದ್ದು. ಆಮೇಲೆ ಕಣ್ಣಿಗೆ ಏನೂ ಸರಿಯಾಗಿ ಕಾಣಲಿಲ್ಲ. ಎದೆಗೆ ಗಾಳಿ ಬಡಿಯಿತು, ಇಳಿಜಾರಿನ ತಳದಲ್ಲಿ ಬೈಕಿನ ಹೊಟ್ಟೆ ರಸ್ತೆಗೆ ತಾಗಿ ಕಿಡಿ ಹಾರಿತು, ಅಷ್ಟರಲ್ಲಿ ಅವನು ಇಲ್ಲ. ನನ್ನ ಕಣ್ಣಲ್ಲಿ ನೀರು ಬಂತು. ಭಯವೋ ಸಂತೋಷವೋ ಎಂದು ಆಗ ಹೇಳಲಾರದೆ ಹೋದೆ, ಈಗಲೂ ಹೇಳಲಾರೆ. ಎರಡನೆಯ ಬೈಕ್ ಬಂದಾಗ ನನಗರಿಯದೆಯೇ ಪಕ್ಕದ ಗೋಡೆಯನ್ನು ಹಿಡಿದುಕೊಂಡಿದ್ದೆ. ಕಿವಿಗೆ ಹತ್ತಿ ಸಾಲುವುದಿಲ್ಲ, ಔಷಧದ ಅಂಗಡಿಯಲ್ಲಿ ಸಿಗುವ ಫೋಮ್ ಬೆಣೆ ಇಟ್ಟುಕೊಳ್ಳಿ.

ರಸ್ತೆ ಮುಚ್ಚುವ ವೇಳೆಯನ್ನು ಬಾಯಿಪಾಠ ಮಾಡಿಕೊಳ್ಳಬೇಕು. ಮುಚ್ಚಿದ ಮೇಲೆ ನೀವು ವರ್ತುಲದ ಒಳಗಿದ್ದರೆ ಒಳಗೆ, ಹೊರಗಿದ್ದರೆ ಹೊರಗೆ. ಕೆಲವೇ ಕಡೆ ಇರುವ ಕಾಲುಸೇತುವೆ, ಅಡಿದಾರಿಗಳನ್ನು ಬಿಟ್ಟರೆ ದಾಟುವಂತಿಲ್ಲ, ದಾಟಿದರೆ ಅಪರಾಧ. ನಾನು ಒಂದು ದಿನ ಬ್ರ್ಯಾಡನ್ ಸೇತುವೆಯ ಬಳಿ ಏಳು ಗಂಟೆ ಸಿಕ್ಕಿಕೊಂಡೆ. ಆದರೆ ಅಲ್ಲಿನ ಚರ್ಚಿನ ಅಂಗಳದಲ್ಲಿ ಕೆಲವು ಪೌಂಡಿಗೆ ಕೂರಲು ಜಾಗ, ಚಹಾ, ಮನೆಯಲ್ಲಿ ಮಾಡಿದ ಕೇಕು, ಶೌಚಾಲಯ ಎಲ್ಲವೂ ಸಿಕ್ಕಿತು. ಬಯಲಿನ ಬೇಲಿಯಲ್ಲಿ ಪುಕ್ಕಟೆ ಕೂರಬಹುದು, ಶೌಚಾಲಯ ಇರುವುದಿಲ್ಲ. ವಯಸ್ಸಾದವರೊಂದಿಗೆ ಹೋಗುವವರು ಚರ್ಚುಗಳನ್ನೇ ಆರಿಸಿಕೊಳ್ಳಿ. ನಿಷೇಧಿತ ಜಾಗ ಎಂಬ ಫಲಕವಿದ್ದಲ್ಲಿ ನಿಲ್ಲಲೇಬೇಡಿ. ಅದು ಬೈಕ್ ಜಾರಿದರೆ ಬಂದು ಬೀಳುವ ಜಾಗ.

ಊಟಕ್ಕೆ ನಾನು ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಕೋಡುಬಳೆ ಒಯ್ದಿದ್ದೆ. ದಿನವೂ ಬೆಳಿಗ್ಗೆ ಅನ್ನ ಮಾಡಿ ಕಲಸಿ ಡಬ್ಬಿಗೆ ಹಾಕಿಕೊಂಡು ಹೊರಡುತ್ತಿದ್ದೆ. ಹೊರಗೆ ಸಸ್ಯಾಹಾರಿಗೆ ಸುಲಭವಾಗಿ ಸಿಗುವುದು ಆಲೂಗಡ್ಡೆ ಚಿಪ್ಸ್ ಮತ್ತು ಚೀಸ್. ಅದರ ಮೇಲೆ ಹುಯ್ಯುವ ಗ್ರೇವಿಯಲ್ಲಿ ಮಾಂಸದ ರಸ ಇರಬಹುದು, ಕೇಳಿ ತಿನ್ನಿ.

ಟಿಟಿಯಲ್ಲಿ ನೋಡುವುದಕ್ಕಿಂತ ಕಾಯುವುದೇ ಹೆಚ್ಚು. ಡಗ್ಲಸ್‌ನಲ್ಲಿ ಬಿಸಿಲಿದ್ದರೂ ಬೆಟ್ಟದ ಮೇಲೆ ಮಂಜು ಕವಿದಿರುತ್ತದೆ. ಸಮುದ್ರದೇವರು ಮನನ್ನಾನ್ ತನ್ನ ಹೊದಿಕೆ ಹೊದಿಸಿದ್ದಾನೆ ಎನ್ನುತ್ತಾರೆ ಅಲ್ಲಿಯವರು. ಬಿದ್ದವರನ್ನು ಆಸ್ಪತ್ರೆಗೆ ಒಯ್ಯಲು ಹೆಲಿಕಾಪ್ಟರ್ ಇಳಿಯುವಷ್ಟು ತೆರವು ಇರದಿದ್ದರೆ ರೇಸ್ ಬಿಡುವುದೇ ಇಲ್ಲ. ಒಂದು ಗಂಟೆ ಮುಂದಕ್ಕೆ, ಮತ್ತೆ ಒಂದು ಗಂಟೆ ಮುಂದಕ್ಕೆ, ಹೀಗೆ ಹೋಗುತ್ತದೆ. ಮೊದಲೆರಡು ದಿನ ನನಗೆ ಸಿಟ್ಟು ಬಂತು. ಇಷ್ಟು ದೂರ ಬಂದು, ಇಷ್ಟು ಖರ್ಚು ಮಾಡಿ! ಮೂರನೆಯ ದಿನ ಲ್ಯಾಕ್ಸಿಯಿಂದ ಬೆಟ್ಟದ ಟ್ರ್ಯಾಮ್ ಹಿಡಿದು ಬಂಗಲೋ ಎಂಬ ತಿರುವಿಗೆ ಹೋದೆ. ಅಲ್ಲಿ ಜೋಯಿ ಡನ್ಲಪ್ ಅವರ ಪ್ರತಿಮೆ ಇದೆ, ಬೈಕಿನ ಮೇಲೆ ಕುಳಿತ ಹಾಗೆ, ರಸ್ತೆಯ ಕಡೆ ನೋಡುತ್ತ. ಇಪ್ಪತ್ತಾರು ಟಿಟಿ ಗೆದ್ದ ಅವರು 2000ದಲ್ಲಿ ಎಸ್ಟೋನಿಯಾದ ರೇಸ್ ಒಂದರಲ್ಲಿ ತೀರಿಕೊಂಡರು. ಅವರ ತಮ್ಮನ ಮಗ ಮೈಕೆಲ್ 2024ರಲ್ಲಿ ಆ ಲೆಕ್ಕ ದಾಟಿದರು, 2025ರ ಟಿಟಿ ಮುಗಿದಾಗ ಅವರದು ಮೂವತ್ತಮೂರು. ಈ ಬೆಟ್ಟದ ದಾರಿಯಲ್ಲಿ 1911ರಿಂದ ಈಚೆಗೆ 250ಕ್ಕೂ ಹೆಚ್ಚು ಸವಾರರು ಪ್ರಾಣ ಬಿಟ್ಟಿದ್ದಾರೆ. ಪ್ರತಿಮೆಯ ಕಾಲ ಬಳಿ ಯಾರೋ ಇಟ್ಟ ಹೂವು ಮಂಜಿನಲ್ಲಿ ತೋಯ್ದಿತ್ತು. ಅದರ ಮುಂದೆ ನಿಂತ ಮೇಲೆ ಕಾಯುವುದರ ಬಗ್ಗೆ ನಾನು ಗೊಣಗಲಿಲ್ಲ.

ಓಟ ನಿಲ್ಲಿಸುವ ಕೆಂಪು ಬಾವುಟದ ಹೊತ್ತನ್ನೂ ಹೇಳಬೇಕು. ಬಲಾಫ್ ಸೇತುವೆಯ ಬಳಿ ಕುಳಿತಿದ್ದೆ. ಆ ಗೂನು ಸೇತುವೆಯ ಮೇಲೆ ಬೈಕಿನ ಎರಡೂ ಚಕ್ರ ನೆಲ ಬಿಟ್ಟು ಹಾರುವುದನ್ನು ನೋಡಿ ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು. ಇದ್ದಕ್ಕಿದ್ದಂತೆ ದಾರಿ ಕಾಯುವ ಮಾರ್ಷಲ್ ಕೆಂಪು ಬಾವುಟ ಬೀಸಿದರು. ಚಪ್ಪಾಳೆ ನಿಂತಿತು. ಎಲ್ಲರೂ ರೇಡಿಯೋದ ದನಿ ಏರಿಸಿದರು. ಸವಾರನಿಗೆ ಪ್ರಜ್ಞೆಯಿದೆ, ಮಾತಾಡುತ್ತಿದ್ದಾನೆ ಎಂದು ಬರುವವರೆಗೆ ಆ ಹೊಲದಲ್ಲಿ ಒಬ್ಬರೂ ಚಹಾ ಲೋಟವನ್ನು ತುಟಿಗೆ ತಾಗಿಸಲಿಲ್ಲ. ಆ ಮಾರ್ಷಲ್‌ಗಳು ಸಂಬಳದವರಲ್ಲ. ದಾರಿಯುದ್ದಕ್ಕೂ ನೂರಾರು ಮಂದಿ ಸ್ವಂತ ರಜೆ ಹಾಕಿ ನಿಲ್ಲುತ್ತಾರೆ, ಅವರ ಸಂಖ್ಯೆ ಸಾಲದಿದ್ದರೆ ಓಟವೇ ಇಲ್ಲ. ಹೊರಗಿನಿಂದ ಬಂದವರೂ ತರಬೇತಿ ಪಡೆದು ನಿಲ್ಲಬಹುದು. ನನ್ನ ಮನೆಯೊಡತಿ ಅಜ್ಜಿ ಇಪ್ಪತ್ತು ವರ್ಷ ಹಾಗೆ ನಿಂತವರು. "ಏನೇನು ನೋಡಿದ್ದೀರಿ?" ಎಂದು ಕೇಳಿದೆ. ಅವರು ಕೆಟಲ್‌ಗೆ ನೀರು ತುಂಬಿ, "ಒಳ್ಳೆಯದೂ ಬಹಳ ನೋಡಿದ್ದೇನೆ, ಮಗು" ಎಂದಷ್ಟೇ ಹೇಳಿದರು.

ರೇಸ್ ಇಲ್ಲದ ದಿನ ಬಸ್ಸಿನಲ್ಲಿ ಕ್ಯಾಸಲ್‌ಟೌನ್ ಕಡೆ ಹೋದೆ. ದಾರಿಯಲ್ಲಿ ಫೇರಿ ಬ್ರಿಡ್ಜ್ ಎಂಬ ಪುಟ್ಟ ಸೇತುವೆ ಬರುತ್ತದೆ. ಅಲ್ಲಿರುವ ಅದೃಶ್ಯ ಜನಕ್ಕೆ ನಮಸ್ಕಾರ ಹೇಳದೆ ದಾಟಬಾರದು ಎಂಬುದು ದ್ವೀಪದವರ ನಂಬಿಕೆ. ಸವಾರರೂ ಬಂದು ಹೇಳಿ ಹೋಗುತ್ತಾರಂತೆ. ಘಟ್ಟ ಇಳಿಯುವ ಮೊದಲು ಬಸ್ ನಿಲ್ಲಿಸಿ ಗುಡಿಗೆ ಕಾಣಿಕೆ ಹಾಕುವ ನಮ್ಮ ಚಾಲಕರು ನೆನಪಾದರು. ಮನಸ್ಸಿನಲ್ಲೇ ಕೈಮುಗಿದೆ, ಕನ್ನಡದಲ್ಲೇ ಹೇಳಿದೆ.

ಕೊನೆಯ ದಿನ, ಜೂನ್ 7, ಶನಿವಾರ, ಸೀನಿಯರ್ ಟಿಟಿ. ಎಲ್ಲಕ್ಕಿಂತ ದೊಡ್ಡ ಓಟ ಅದೇ. ಬೆಳಿಗ್ಗೆ ಬೇಗನೆ ಎದ್ದು ಹಿಲ್‌ಬೆರಿ ತಿರುವಿಗೆ ನಡೆದೆ. ಎರಡು ಸ್ವೆಟರ್, ಮಳೆಕೋಟು, ಡಬ್ಬಿಯಲ್ಲಿ ಪುಳಿಯೋಗರೆ. ಗಾಳಿ ಹೇಗಿತ್ತೆಂದರೆ ನಿಂತವರು ಒಬ್ಬರನ್ನೊಬ್ಬರು ಹಿಡಿದುಕೊಳ್ಳುತ್ತಿದ್ದರು. ರೇಡಿಯೋದಲ್ಲಿ ಮುಂದೂಡಿಕೆ, ಮತ್ತೊಂದು ಮುಂದೂಡಿಕೆ. ಪಕ್ಕದಲ್ಲಿದ್ದ ಜರ್ಮನ್ ದಂಪತಿಗೆ ಕೋಡುಬಳೆ ಕೊಟ್ಟೆ, ಅವರು ಬಿಸಿ ಕಾಫಿ ಕೊಟ್ಟರು. ಕೊನೆಗೆ ಬೆಟ್ಟದ ಮೇಲಿನ ಬಿರುಗಾಳಿಯಲ್ಲಿ ಬೈಕ್ ಓಡಿಸಲಾಗದು, ಸೀನಿಯರ್ ರದ್ದು ಎಂದು ಬಂತು. ಯಾರೂ ಕೂಗಾಡಲಿಲ್ಲ. ಕುರ್ಚಿ ಮಡಚಿದರು. ಮಾರ್ಷಲ್‌ಗಳು ನಮ್ಮ ಮುಂದೆ ಹಾದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನನಗೆ ಗಂಟಲು ಕಟ್ಟಿತು.

ಅಪ್ಪನಿಗೆ ಫೋನ್ ಮಾಡಿದೆ. ಮೈಸೂರಿನಲ್ಲಿ ಆಗ ರಾತ್ರಿ.

"ಏನಪ್ಪಾ, ಓಡಿತೇ?"

"ಇಲ್ಲಪ್ಪ, ಗಾಳಿ. ರದ್ದು ಮಾಡಿದರು."

ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಳ್ಳೆಯದಾಯಿತು. ಎಲ್ಲರೂ ಮನೆಗೆ ಹೋಗುತ್ತಾರಲ್ಲ" ಎಂದರು.

ಖರ್ಚು ಕೇಳುವವರಿಗೆ: ವಿಮಾನಕ್ಕೆ 82,000 ರೂಪಾಯಿ, ವೀಸಾಕ್ಕೆ ಹದಿಮೂರು ಸಾವಿರದಷ್ಟು, ಹಡಗಿಗೆ ಹೋಗಿ ಬರಲು ಸುಮಾರು ಅಷ್ಟೇ, ಕೋಣೆಗೆ 63,000. ಊಟ, ಬಸ್, ಸಿಮ್, ವಿಮೆ, ಇಂಗ್ಲೆಂಡಿನ ರೈಲು ಎಲ್ಲ ಸೇರಿ ಎರಡು ಲಕ್ಷ ಹದಿನೆಂಟು ಸಾವಿರ ಆಯಿತು. ಬೇಲಿಯ ಮೇಲೆ ಕುಳಿತು ನೋಡಿದ್ದರಿಂದ ಹೆಚ್ಚಿನ ದಿನಗಳಲ್ಲಿ ಓಟಕ್ಕೆಂದು ಕೊಟ್ಟದ್ದು ಸೊನ್ನೆ. ಕನಿಷ್ಠ ಐದಾರು ದಿನವಾದರೂ ಇರುವಂತೆ ಹೋಗಿ. ಎರಡೇ ದಿನಕ್ಕೆ ಬಂದ ಇಬ್ಬರು ಇಟಾಲಿಯನ್ನರು ಒಂದು ಬೈಕನ್ನೂ ನೋಡದೆ ಹಿಂದಿರುಗಿದ್ದನ್ನು ಕಂಡಿದ್ದೇನೆ. ಸೀನಿಯರ್ ಮರುದಿನದ ಹಡಗಿನಲ್ಲಿ ಭಾರೀ ನೂಕುನುಗ್ಗಲು, ಆದರೆ ಕಾಲ್ನಡಿಗೆಯವರನ್ನು ಬೇಗ ಹತ್ತಿಸಿದರು.

ಹಡಗು ಬಿಡುವ ಮೊದಲು ಬಂದರಿನ ಅಂಗಡಿಯಲ್ಲಿ ಉಳಿದ ನೋಟುಗಳನ್ನೆಲ್ಲ ಚಹಾಕ್ಕೂ ಬಿಸ್ಕತ್ತಿಗೂ ಮುಗಿಸಿದೆ. ಒಂದು ಪೌಂಡಿನ ನೋಟೊಂದನ್ನು ಮಾತ್ರ ಪಾಸ್‌ಪೋರ್ಟಿನೊಳಗೆ ಇಟ್ಟುಕೊಂಡು ಬಂದೆ. ಅದರಲ್ಲಿ ದ್ವೀಪದ ಮೂರು ಕಾಲಿನ ಗುರುತಿದೆ. ಅಪ್ಪ ಅದನ್ನು ಕನ್ನಡಕದ ಹತ್ತಿರ ಹಿಡಿದು ಎರಡೂ ಕಡೆ ನೋಡಿ, ಯೆಜ್ದಿಯ ಸೀಟಿನ ಕೆಳಗಿನ ಉಪಕರಣದ ಪೆಟ್ಟಿಗೆಯಲ್ಲಿ, ನಾರ್ಟನ್ ಸುದ್ದಿಯ ತುಣುಕಿನ ಜೊತೆ ಇಟ್ಟಿದ್ದಾರೆ.